ಮೂವತ್ತಾರು ಸ್ಲಾಟಿನ ಗಮನ

ಕಾನೂನು ಒಂದೇ ಸಾಲಿನದು. ಯಂತ್ರ ಯಾವ ತೀರ್ಮಾನ ಮಾಡಿದರೂ ಅದರ ಮೇಲೆ ಒಬ್ಬ ಮನುಷ್ಯನ ಪೂರ್ಣ ಗಮನ ಬೀಳದ ಹೊರತು ಅದು ಜಾರಿಗೆ ಬರಕೂಡದು.

ಬರೆದವರ ಉದ್ದೇಶ ಒಳ್ಳೆಯದೇ ಆಗಿತ್ತು. ಅದಕ್ಕೂ ಮೊದಲು ಯಂತ್ರದ ಮುಂದೆ ಒಬ್ಬ ನೌಕರನನ್ನು ಕೂರಿಸಿ, 'ಒಪ್ಪಿದೆ' ಎಂಬ ಗುಂಡಿ ಕೊಟ್ಟಿದ್ದರು. ಆತ ಓದದೆ ಒತ್ತುತ್ತಿದ್ದ. ಒಂದು ಊರಿನಲ್ಲಂತೂ ಗುಂಡಿಯ ಮೇಲೆ ಎಲೆಅಡಿಕೆ ಕುಟ್ಟುವ ಕುಟ್ಟಾಣಿ ಇಟ್ಟು ಚಹಾಕ್ಕೆ ಹೋಗಿದ್ದವನು ಸಿಕ್ಕಿಬಿದ್ದ. ಆ ಮಧ್ಯಾಹ್ನ ಕುಟ್ಟಾಣಿ ಎಂಟುನೂರು ಪಡಿತರ ಚೀಟಿ ರದ್ದು ಮಾಡಿತ್ತು. ಆಮೇಲೆ ಗುಂಡಿ ಹೋಯಿತು, ಪಟ್ಟಿ ಬಂತು.

ಪಟ್ಟಿ ಎಂದರೆ ಹಣೆಗೆ ಕಟ್ಟಿಕೊಳ್ಳುವ ಎರಡು ಬೆರಳಗಲದ ಬಟ್ಟೆ. ಒಳಮೈಯಲ್ಲಿ ಹದಿನಾರು ಲೋಹದ ಬಿಂದುಗಳು. ಮನಸ್ಸು ಒಂದು ವಿಷಯದಲ್ಲಿ ನೆಟ್ಟಾಗ ಮಿದುಳಿನ ಮುಂಭಾಗದ ಮತ್ತು ಹಿಂಭಾಗದ ವಿದ್ಯುತ್ ಅಲೆಗಳು ಹೆಜ್ಜೆ ಹೊಂದಿಸಿಕೊಂಡು ನಡೆಯುತ್ತವೆ. ಮನಸ್ಸು ಚದುರಿದರೆ ಹೆಜ್ಜೆ ತಪ್ಪುತ್ತದೆ. ಪಟ್ಟಿ ಅಳೆಯುವುದು ಆ ಹೊಂದಿಕೆಯನ್ನು. ಸೊನ್ನೆಯಿಂದ ನೂರರವರೆಗಿನ ಆ ಅಂಕಿಗೆ ಗಮನಾಂಕ ಎಂದು ಹೆಸರು. ಪರದೆಯ ಮೇಲೆ ಒಂದು ತೀರ್ಮಾನ ಮೂಡಿದಾಗ ಗಮನಾಂಕ ಹನ್ನೆರಡು ಸೆಕೆಂಡು ಅರವತ್ತರ ಮೇಲೆ ನಿಂತರೆ ಅದು ಜಾರಿ. ಇಳಿದರೆ ಕೆಂಪು ದೀಪ. ತೀರ್ಮಾನ ತಪ್ಪೆನಿಸಿದರೆ ಆ ಹನ್ನೆರಡು ಸೆಕೆಂಡಿನೊಳಗೆ 'ತಡೆ' ಎಂದು ಗುರುತು ಹಾಕಬೇಕು. ಕಣ್ಣು ಎತ್ತ ನೋಡುತ್ತಿದೆ ಎಂದು ಕಾಯುವ ಕ್ಯಾಮೆರಾವನ್ನೂ ಇಡುವವರಿದ್ದರು. ನೌಕರರನ್ನು ಕಳ್ಳರ ಹಾಗೆ ಕಾಯಬೇಡಿ ಎಂದು ಸಂಘ ನಲವತ್ತು ದಿನ ಮುಷ್ಕರ ಹೂಡಿ ಅದನ್ನು ತೆಗೆಸಿತು.

ಹರಿಹರದ ಜಲ ಹಂಚಿಕೆ ಕೇಂದ್ರದಲ್ಲಿ ಸಿಂಚನಾ ಹನ್ನೊಂದು ವರ್ಷಗಳಿಂದ ಪಟ್ಟಿ ಕಟ್ಟುತ್ತಿದ್ದಳು. ಹುದ್ದೆಯ ಹೆಸರು ಸಾಕ್ಷಿ ಅಧಿಕಾರಿ. ಆರು ಪಟ್ಟಣಗಳ ಯಾವ ಕೊಳವೆಯ ಯಾವ ಕವಾಟ ಯಾವಾಗ ತೆರೆಯಬೇಕು, ಮುಚ್ಚಬೇಕು ಎಂಬುದನ್ನು ಯಂತ್ರ ನಿರ್ಧರಿಸುತ್ತಿತ್ತು. ಅವಳು ಅದಕ್ಕೆ ಗಮನ ಕೊಡುತ್ತಿದ್ದಳು. ಪಾಳಿಗೆ ಸಾವಿರದ ಐನೂರು ತೀರ್ಮಾನ. ಅವಳ ಸರಾಸರಿ ಗಮನಾಂಕ ತೊಂಬತ್ತನಾಲ್ಕು. ರಾಜ್ಯದ ನಾಲ್ಕು ಸಾವಿರ ಸಾಕ್ಷಿ ಅಧಿಕಾರಿಗಳಲ್ಲಿ ಅಷ್ಟು ಇನ್ನೊಬ್ಬರಿಗೆ ಇರಲಿಲ್ಲ.

ಅದರ ಗುಟ್ಟು ಅವಳೊಬ್ಬಳಿಗೇ ಗೊತ್ತಿತ್ತು. ಕೆಲಸಕ್ಕೆ ಸೇರಿದ ಎರಡನೇ ತಿಂಗಳಲ್ಲೇ ಅವಳ ಅಂಕ ಐವತ್ತಕ್ಕೆ ಕುಸಿದು ನೋಟಿಸು ಬಂದಿತ್ತು. ಕವಾಟ ನೂರಾ ಎಂಟು ಮುಚ್ಚು, ಕವಾಟ ನೂರಾ ಒಂಬತ್ತು ತೆರೆ ಎಂಬುದನ್ನು ದಿನಕ್ಕೆ ಸಾವಿರದ ಐನೂರು ಸಲ ಓದಿ ಮನಸ್ಸು ನೆಡುವ ಪ್ರಾಣಿ ಭೂಮಿಯ ಮೇಲೆ ಹುಟ್ಟಿಲ್ಲ. ಬೇಸತ್ತ ಒಂದು ಬೆಳಗ್ಗೆ ಅವಳು ತಲೆಯೊಳಗೇ ಒಂದು ಮೋಟಾರನ್ನು ಬಿಚ್ಚಿದಳು.

ಹದಿನಾಲ್ಕನೇ ವಯಸ್ಸಿನಿಂದ ಇಪ್ಪತ್ತೆರಡರವರೆಗೆ, ಶಾಲೆ ಕಾಲೇಜು ಬಿಟ್ಟ ಮೇಲೆ ಅವಳು ಇರುತ್ತಿದ್ದುದು ಅಪ್ಪನ ಗೆಳೆಯ ದಾದಾಪೀರ್ ಮಾಮನ ರಿವೈಂಡಿಂಗ್ ಅಂಗಡಿಯಲ್ಲಿ. ಸುಟ್ಟ ಮೋಟಾರಿನ ಹಳೇ ತಂತಿ ಕಿತ್ತು, ಉಕ್ಕಿನ ಉಂಗುರದ ಒಳಮೈಯ ಸೀಳುಗಳನ್ನು, ಅಂದರೆ ಸ್ಲಾಟುಗಳನ್ನು ಉಜ್ಜಿ, ಕಾಗದ ಹಾಸಿ, ಹೊಸ ತಾಮ್ರದ ಕಾಯಿಲ್ ಕೂರಿಸುವ ಕೆಲಸ. ಮೂವತ್ತಾರು ಸ್ಲಾಟು. ಒಂದರಿಂದ ಹನ್ನೆರಡಕ್ಕೆ ದೊಡ್ಡ ಕಾಯಿಲ್, ಎರಡರಿಂದ ಹನ್ನೊಂದಕ್ಕೆ ನಡುವಿನದು, ಮೂರರಿಂದ ಹತ್ತಕ್ಕೆ ಚಿಕ್ಕದು. ಪ್ರತಿ ಕಾಯಿಲಿಗೆ ನಲವತ್ನಾಲ್ಕು ಸುತ್ತು. ಅಂದು ಬೆಳಗ್ಗೆ ಅವಳು ಮನಸ್ಸಿನಲ್ಲಿ ಒಂದೊಂದೇ ಸುತ್ತು ಎಣಿಸುತ್ತ ಹೋದಳು. ಗಮನಾಂಕ ತೊಂಬತ್ತೊಂದಕ್ಕೆ ಏರಿತು. ಅದು ಇಳಿದದ್ದೇ ಇಲ್ಲ. ಹನ್ನೊಂದು ವರ್ಷದಲ್ಲಿ ಅವಳು ತಲೆಯೊಳಗೆ ಎಷ್ಟು ಸಾವಿರ ಮೋಟಾರು ಸುತ್ತಿದ್ದಳೋ! ಪಟ್ಟಿಗೆ ಮನಸ್ಸು ನೆಟ್ಟಿದೆಯೋ ಇಲ್ಲವೋ ಅಷ್ಟೇ ಗೊತ್ತಾಗುತ್ತಿತ್ತು. ಎಲ್ಲಿ ನೆಟ್ಟಿದೆ ಎಂದು ನೋಡುವುದನ್ನು ಯಾರೂ ಅದಕ್ಕೆ ಕಲಿಸಿರಲಿಲ್ಲ.

ಜೂನ್ ಮೂರನೇ ವಾರದ ಬುಧವಾರ ಗಂಡ ಕೊಟ್ರೇಶ ಅವಲಕ್ಕಿ ತಿನ್ನುತ್ತ ಸುದ್ದಿ ಓದಿದ. ಅವನು ಬಸ್ ಡಿಪೋದಲ್ಲಿ ವೇಳಾಪಟ್ಟಿ ನೋಡಿಕೊಳ್ಳುತ್ತಿದ್ದ. ಸುದ್ದಿಯಲ್ಲಿ ತಪ್ಪು ಸಮಯ ಕಂಡರೆ ಪತ್ರಿಕೆಗೆ ಕಾಗದ ಬರೆಯುವ ಜಾತಿ.

"ನಿಮ್ಮ ಕೇಂದ್ರದ್ದು ಬಂದೈತೆ ನೋಡು. ಡಯಾಲಿಸಿಸ್ ಘಟಕಕ್ಕೆ ನಿನ್ನೆ ಎರಡು ಗಂಟೆ ನೀರು ನಿಲ್ಲಿಸಿದ್ರಂತೆ. ಹನ್ನೊಂದು ಜನರನ್ನ ಅರ್ಧಕ್ಕೇ ಯಂತ್ರದಿಂದ ಬಿಡಿಸಿದ್ರಂತೆ. ಒಬ್ಬ ಅಜ್ಜ ತುರ್ತು ಘಟಕದಾಗೆ ಅದಾನೆ."

"ಎಷ್ಟೊತ್ತಿಗೆ ನಿಲ್ಸಿದ್ದು?"

"ಹನ್ನೊಂದು ನಲವತ್ತೆರಡು."

ಸಿಂಚನಾ ಕೈಯಲ್ಲಿದ್ದ ಲೋಟ ಕೆಳಗಿಟ್ಟಳು. ಅದು ಅವಳ ಪಾಳಿ.

ಕಚೇರಿಗೆ ಹೋಗಿ ದಾಖಲೆ ತೆಗೆದು ನೋಡಿದಳು. ಕೊಳವೆಯ ಒತ್ತಡ ಸರಿದೂಗಿಸಲು ಯಂತ್ರ ಒಂದು ಬೀದಿಯ ಕವಾಟ ಮುಚ್ಚಲು ಕೇಳಿತ್ತು. ಘಟಕ ಆ ಬೀದಿಗೆ ಬಂದು ಎರಡೇ ತಿಂಗಳಾಗಿತ್ತು. ಯಂತ್ರದ ನಕ್ಷೆಯಲ್ಲಿ ಅದಕ್ಕೆ ಆಸ್ಪತ್ರೆಯ ಗುರುತು ಬಿದ್ದಿರಲಿಲ್ಲ. ಆದರೆ ವಿಳಾಸದ ಸಾಲಿನಲ್ಲಿ 'ಡಯಾಲಿಸಿಸ್ ಘಟಕ' ಎಂದು ದಪ್ಪ ಕನ್ನಡ ಅಕ್ಷರದಲ್ಲಿ ಇತ್ತು. ನಾಲ್ಕು ಗಂಟೆಯ ಒಂದು ಸರದಿಗೆ ಒಬ್ಬ ರೋಗಿಗೆ ನೂರಿಪ್ಪತ್ತು ಲೀಟರಿಗೂ ಮಿಕ್ಕಿ ನೀರು ಬೇಕು ಎಂಬುದು ತರಬೇತಿಯ ಮೊದಲ ವಾರದಲ್ಲೇ ಹೇಳಿಕೊಟ್ಟ ಪಾಠ. ಓದಿದ್ದರೆ ಯಾರೇ ಆದರೂ ತಡೆಯುತ್ತಿದ್ದರು. ಕೆಳಗೆ ಬರೆದಿತ್ತು: ಸಾಕ್ಷಿ, ಸಿಂಚನಾ. ಗಮನಾಂಕ, ತೊಂಬತ್ತೇಳು.

ಮೂರು ದಿನದಲ್ಲಿ ವಿಚಾರಣೆ ಮುಗಿಯಿತು. ವರದಿ ಮೂರು ಪುಟ. ಒಪ್ಪಿಗೆ ಕೊಟ್ಟವರ ಗಮನ ಪೂರ್ಣವಾಗಿದ್ದರಿಂದ ಮನುಷ್ಯನ ಲೋಪವಿಲ್ಲ. ಪೂರ್ಣ ಗಮನದ ಮನುಷ್ಯ ಒಪ್ಪಿದ್ದರಿಂದ ಯಂತ್ರದ ಲೋಪವೂ ಇಲ್ಲ. ಅಜ್ಜ ನಾಲ್ಕನೇ ದಿನ ಚೇತರಿಸಿಕೊಂಡ. ಅವನಿಗೆ ಯಾರೂ ಏನೂ ಮಾಡಿಲ್ಲ ಎಂದು ಕಾಗದ ಹೇಳಿತು.

ವರದಿಯ ಜೊತೆಗೆ ಇನ್ನೊಂದು ಪತ್ರವಿತ್ತು. ಅದನ್ನು ಕೇಂದ್ರದ ಮುಖ್ಯಸ್ಥ ಬಣಕಾರ್ ಮದುವೆಯ ಲಗ್ನಪತ್ರಿಕೆಯ ಹಾಗೆ ಎರಡೂ ಕೈಯಿಂದ ಕೊಟ್ಟರು.

"ಕೂತ್ಕೋ ತಾಯಿ. ನಿನ್ನನ್ನ ಮಾದರಿ ಸಾಕ್ಷಿ ಅಂತ ಆರಿಸಿದಾರೆ. ಮುಂದಿನ ತಿಂಗಳು ಹತ್ತನೇ ತಾರೀಕು ರಾಜಧಾನಿಯಿಂದ ಬಂದು ನಿನ್ನ ಮಿದುಳಿನ ಅಲೆ ದಾಖಲು ಮಾಡ್ಕೊಂಡು ಹೋಗ್ತಾರೆ. ಆಮೇಲೆ ರಾಜ್ಯದಾಗೆ ಎಲ್ಲರ ಗಮನಾನೂ ಅದಕ್ಕೆ ಹೋಲಿಸಿ ಅಳೀತಾರೆ. ಇನ್ನು ಸೇರು ಅಂದ್ರೂ ನೀನೇ, ಪಾವು ಅಂದ್ರೂ ನೀನೇ!"

"ಸರ್, ಹನ್ನೊಂದು ನಲವತ್ತೆರಡಕ್ಕೆ ನಾನು ಪರದೆ ನೋಡ್ತಿರಲಿಲ್ಲ."

ಬಣಕಾರ್ ನಕ್ಕರು. "ತೊಂಬತ್ತೇಳು ಬಂದೈತಲ್ಲಮ್ಮಾ."

"ಅದು ಬೇರೆ ಯೋಚನೆಗೆ ಬಂದಿದ್ದು."

"ನೋಡು, ಕಣ್ಣಲ್ಲಿ ನೀರು ಹಾಕ್ಕೊಂಡು ಬಂದು ತಪ್ಪು ನಂದು ಅನ್ನೋರನ್ನ ನಾನು ಬೇಕಾದಷ್ಟು ನೋಡೀನಿ. ಒಳ್ಳೇ ಜನಕ್ಕೆ ಹಂಗೆ ಅನ್ಸತೈತೆ. ಆದ್ರೆ ನೀನೇ ತಪ್ಪು ಅಂದ್ರೂ ದಾಖಲೆ ಒಪ್ಪಲ್ಲ."

"ನನ್ನ ತಲೆಯೊಳಗೆ ಏನಿತ್ತು ಅಂತ ನನಗಿಂತ ದಾಖಲೆಗೆ ಗೊತ್ತಾ ಸರ್?"

"ಕಾನೂನಿನ ಪ್ರಕಾರ, ಹೌದು," ಎಂದರು ಬಣಕಾರ್. ಅವರ ದನಿಯಲ್ಲಿ ತಮಾಷೆ ಇರಲಿಲ್ಲ.

ಅಂದು ಸಂಜೆ ಅಡುಗೆಮನೆಯಲ್ಲಿ ಅವಳು ಕೊಟ್ರೇಶನಿಗೆ ಎಲ್ಲವನ್ನೂ ಹೇಳಿದಳು. ರೊಟ್ಟಿ ಬೇಯಿಸುತ್ತಿದ್ದವನು ಹಂಚಿನ ಮೇಲೆ ಒಂದು ರೊಟ್ಟಿ ಕರಕಲಾಗುವವರೆಗೂ ಕೇಳಿದ.

"ಹನ್ನೊಂದು ವರ್ಷ ಮೋಟಾರು?"

"ಹೂಂ."

"ನನ್ನ ಜೊತೆ ಮಾತಾಡುವಾಗ ನಿನಗೆ ಪಟ್ಟಿ ಕಟ್ಟಿದ್ರೆ ಎಷ್ಟು ಬರ್ತಿತ್ತು?"

"ಹನ್ನೆರಡು."

"ಥೂ ನಿನ್ನ! ಇಪ್ಪತ್ತಾದ್ರೂ ಅನ್ನಬಾರ್ದಾ?" ನಗು ಮುಗಿದ ಮೇಲೆ ಅವನು ಸುಟ್ಟ ರೊಟ್ಟಿ ಪಕ್ಕಕ್ಕಿಟ್ಟ. "ಸಿಂಚು, ಸುಮ್ಮನಿದ್ರೆ ಏನಾಗತೈತೆ? ಕ್ವಾರ್ಟರ್ಸು, ಪಿಂಚಣಿ ಎಲ್ಲಾ ಇರ್ತವೆ. ಅಜ್ಜನೂ ಉಳ್ಕಂಡ."

"ಈ ಅಜ್ಜ ಉಳ್ಕಂಡ. ಹತ್ತನೇ ತಾರೀಕು ಅವರು ನನ್ನ ಅಲೆ ಅಳ್ಕೊಂಡು ಹೋದ್ರೆ, ಮೋಟಾರು ಸುತ್ತೋ ಮನಸ್ಸೇ ಒಳ್ಳೇ ಸಾಕ್ಷಿ ಅಂತ ನಾಲ್ಕು ಸಾವಿರ ಜನಕ್ಕೆ ಅಚ್ಚು ಹಾಕ್ತಾರೆ. ಆಸ್ಪತ್ರೆ ನೀರು, ರೈಲಿನ ಹಳಿ, ಜೈಲಿನ ಬಿಡುಗಡೆ, ಎಲ್ಲದಕ್ಕೂ."

ಕೊಟ್ರೇಶ ಹಂಚಿನ ಕೆಳಗಿನ ಉರಿ ಸಣ್ಣ ಮಾಡಿದ.

"ಇನ್ನೊಂದು ಹೇಳ್ತೀನಿ, ಬೈಬೇಡ. ದಿನಾ ಆರು ಗಂಟೆ ನಾನು ಮಾಡ್ತಿರೋದು ನನಗೆ ಇಷ್ಟದ ಕೆಲಸ. ಆದ್ರೆ ಒಂದು ಮೋಟಾರೂ ತಿರುಗಿಲ್ಲ. ಕೆಲಸ ಬಿಡ್ತೀನಿ. ಸುಮ್ಮನೆ ಬಿಡಲ್ಲ, ಹೇಳಿ ಬಿಡ್ತೀನಿ."

"ಹೇಳಿದ್ರೆ ಪಿಂಚಣಿ ಹೋಗತೈತೆ."

"ಹೋಗ್ಲಿ."

ಅವನು ಇನ್ನೊಂದು ರೊಟ್ಟಿ ತಟ್ಟತೊಡಗಿದ. ಒಪ್ಪಿದ ಎಂದಲ್ಲ. ಆದರೆ ಬೇಡ ಅನ್ನಲಿಲ್ಲ. ಕ್ವಾರ್ಟರ್ಸಿನ ಕಿಟಕಿಯ ಪರದೆಯನ್ನು ತಾನೇ ಹೊಲಿದವನು ಅವನು. ಆ ರಾತ್ರಿ ಊಟದ ಹೊತ್ತಿಗೆ ಎರಡು ಸಲ ಅತ್ತ ನೋಡಿದ.

ದಾದಾಪೀರ್ ಮಾಮನ ಅಂಗಡಿ ಹಳೇ ಸಂತೆ ಬೀದಿಯಲ್ಲಿತ್ತು. ಎಪ್ಪತ್ತಾರರ ಮಾಮನಿಗೆ ಎರಡು ವರ್ಷದಿಂದ ಬೆರಳು ನಡುಗುತ್ತಿದ್ದವು. ತಿಂಗಳ ಕೊನೆಗೆ ಅಂಗಡಿ ಮುಚ್ಚುವವನಿದ್ದ.

"ಸರ್ಕಾರದ ಕುರ್ಚಿ ಬಿಟ್ಟು ಇಲ್ಲಿ ಮಸಿ ಮೆತ್ಕೊಳ್ಳಾಕೆ ಬರ್ತೀಯಾ? ನಿಮ್ಮಪ್ಪ ಇದ್ದಿದ್ರೆ ನನ್ನ ಕಾಲು ಮುರೀತಿದ್ದ."

"ನಿಮ್ಮ ಕಾಲು ಮುರಿಯೋಕೆ ನಮ್ಮಪ್ಪನೇ ಬೇಕಾ ಮಾಮ, ಅಂಗಡಿ ಮುಂದಿನ ಆ ಮುರುಕು ಮೆಟ್ಟಿಲು ಸಾಕು. ಅಂಗಡಿ ನನಗೆ ಕೊಡ್ತೀರೋ ಇಲ್ಲೋ?"

ಮಾಮ ಒಂದು ಖಾಲಿ ಉಕ್ಕಿನ ಉಂಗುರವನ್ನು ಅವಳ ಮುಂದೆ ತಳ್ಳಿದ. "ಸುತ್ತು."

ಹನ್ನೊಂದು ವರ್ಷದ ಲೆಕ್ಕ ಒಂದೂ ತಪ್ಪಿರಲಿಲ್ಲ. ಯಾವ ಸ್ಲಾಟಿನಿಂದ ಯಾವ ಸ್ಲಾಟಿಗೆ ಎಂದು ಅವಳು ಕಣ್ಣು ಮುಚ್ಚಿ ಹೇಳಬಲ್ಲವಳಾಗಿದ್ದಳು. ಬೆರಳಿಗೆ ಮಾತ್ರ ಅದರಲ್ಲಿ ಏನೂ ತಲುಪಿರಲಿಲ್ಲ. ತಂತಿ ಜಾರಿತು, ಸಿಕ್ಕಾಯಿತು, ಕಾಗದ ಹರಿಯಿತು. ಮೂರನೇ ಕಾಯಿಲಿಗೆ ಹೆಬ್ಬೆರಳು ಕೊಯ್ದು ರಕ್ತ ಬಂತು. ಮನಸ್ಸಿನ ಮೋಟಾರಿನಲ್ಲಿ ತಾಮ್ರ ಎಂದೂ ಎದುರು ನಿಂತಿರಲಿಲ್ಲ. ಇಲ್ಲಿ ಅದು ಹಠಮಾರಿ ಮಗುವಿನ ಹಾಗೆ ಮೈ ತಿರುಚಿಕೊಂಡಿತು.

"ಗೊತ್ತಾಯ್ತಾ?" ಅಂದ ಮಾಮ. "ತಲೆ ಉಸ್ತಾದಂದು, ಕೈ ಮೊದಲ್ನೇ ದಿನದ್ದು."

ಅವಳು ಹೆಬ್ಬೆರಳಿಗೆ ಬಟ್ಟೆ ಸುತ್ತಿಕೊಂಡು ನಾಲ್ಕನೆಯದನ್ನು ಕೂರಿಸಿದಳು. ಆಮೇಲೆ ಐದನೆಯದು. ಮಾಮ ಎದ್ದು ಹೋಗಿ ಚಹಾ ಹೇಳಿ ಬಂದ. ಅವನು ಕೆಲಸಗಾರರಿಗಲ್ಲದೆ ಬೇರೆ ಯಾರಿಗೂ ಚಹಾ ಹೇಳುತ್ತಿರಲಿಲ್ಲ. ಮಾರನೇ ಸಂಜೆಯಿಂದ ಹತ್ತನೇ ತಾರೀಕಿನವರೆಗೆ ಅವಳು ದಿನವೂ ಎರಡು ಗಂಟೆ ಅಲ್ಲಿ ಕೂತಳು.

ಹತ್ತನೇ ತಾರೀಕು ರಾಜಧಾನಿಯಿಂದ ಬಂದವರು ಡಾಕ್ಟರ್ ಮೈಥಿಲಿ ಎಂಬ ಮಿದುಳು ವಿಜ್ಞಾನಿ. ಪಟ್ಟಿಯ ಎರಡನೇ ಮಾದರಿಯನ್ನು ರೂಪಿಸಿದವರಲ್ಲಿ ಒಬ್ಬರು. ಮಿತಭಾಷಿ. ನಿಯಂತ್ರಣ ಕೊಠಡಿಯಲ್ಲಿ ತಮ್ಮ ಉಪಕರಣ ಜೋಡಿಸಿ, ಸಿಂಚನಾಳ ಪರದೆಯನ್ನು ನಿಜವಾದ ಕೊಳವೆಗಳಿಂದ ಬೇರ್ಪಡಿಸಿ, ತಾವೇ ಬರೆದು ತಂದಿದ್ದ ಇಪ್ಪತ್ತು ಪರೀಕ್ಷಾ ತೀರ್ಮಾನಗಳನ್ನು ಅದಕ್ಕೆ ತುಂಬಿದರು. ಬಣಕಾರ್ ಹಿಂದೆ ಕೈಕಟ್ಟಿ ನಿಂತಿದ್ದರು.

ಸಿಂಚನಾ ಪಟ್ಟಿ ಕಟ್ಟಿಕೊಂಡಳು. ಕುರ್ಚಿಯನ್ನು ತಿರುಗಿಸಿ ಪರದೆಗೆ ಬೆನ್ನು ಹಾಕಿ ಕೂತಳು. ಊಟದ ಚೀಲದಿಂದ ಒಂದು ಖಾಲಿ ಉಕ್ಕಿನ ಉಂಗುರ, ತಾಮ್ರದ ತಂತಿಯ ಸುರುಳಿ, ಬಿದಿರಿನ ಚಕ್ಕೆ ತೆಗೆದು ಮಡಿಲಲ್ಲಿಟ್ಟುಕೊಂಡಳು.

"ಏನಮ್ಮಾ ಇದು?" ಬಣಕಾರ್ ಮುಂದೆ ಬಂದರು. "ಕುರ್ಚಿ ತಿರುಗಿಸು. ಮರ್ಯಾದೆ ಕಳೀಬೇಡ."

"ಶುರು ಮಾಡಿ ಮೇಡಂ," ಅಂದಳು ಸಿಂಚನಾ.

ಮೈಥಿಲಿ ಒಂದು ಕ್ಷಣ ಅವಳ ಮಡಿಲು ನೋಡಿದರು. ಶುರು ಮಾಡಿದರು.

ಸಿಂಚನಾ ಮೊದಲ ಕಾಯಿಲ್ ಕೂರಿಸಿದಳು. ತಂತಿಯ ಒಂದೊಂದು ಎಳೆಯನ್ನೂ ಚಕ್ಕೆಯಿಂದ ಒತ್ತಿ ಒಳಗೆ ಸರಿಸಿದಳು. ಒರಟು ಬೆರಳು ತಪ್ಪಿದಲ್ಲಿ ಬಿಚ್ಚಿ ಮತ್ತೆ ಹಾಕಿದಳು. ಬೆನ್ನ ಹಿಂದೆ ಯಂತ್ರ ಹನ್ನೆರಡು ಸೆಕೆಂಡಿಗೊಮ್ಮೆ 'ಟಿಣ್' ಎನ್ನುತ್ತಿತ್ತು. ಪ್ರತಿ ಟಿಣ್ ಒಂದು ಒಪ್ಪಿಗೆ. ನಾಲ್ಕು ನಿಮಿಷಕ್ಕೆ ಇಪ್ಪತ್ತೂ ಮುಗಿದವು. ಅವಳ ಎರಡನೇ ಕಾಯಿಲ್ ಇನ್ನೂ ಅರ್ಧದಲ್ಲಿತ್ತು.

ಮೈಥಿಲಿ ಪರದೆಯಿಂದ ಓದಿದರು. "ಹದಿಮೂರನೆಯದು: ಇಡೀ ಪಟ್ಟಣಕ್ಕೆ ಹದಿನೈದು ದಿನ ನೀರು ಬಂದ್. ಒಪ್ಪಿದೆ. ಗಮನಾಂಕ ತೊಂಬತ್ತೆಂಟು. ಹದಿನೇಳನೆಯದು: ಕೊಳಚೆ ನೀರನ್ನು ಕುಡಿಯುವ ನೀರಿನ ತೊಟ್ಟಿಗೆ ಬಿಡುವುದು. ಒಪ್ಪಿದೆ. ತೊಂಬತ್ತೊಂಬತ್ತು."

"ಹದಿನೇಳನೇದು ಬಂದಾಗ ತಂತಿ ಸಿಕ್ಕಾಗಿತ್ತು," ಅಂದಳು ಸಿಂಚನಾ. "ಬಿಡಿಸೋಕೆ ತುಂಬಾ ಗಮನ ಬೇಕಿತ್ತು."

ಕೊಠಡಿಯಲ್ಲಿ ಬೇರೆ ಪರದೆಗಳ ಮುಂದೆ ಕೂತಿದ್ದ ಐವರು ಸಾಕ್ಷಿ ಅಧಿಕಾರಿಗಳ ಗಮನಾಂಕ ಒಟ್ಟಿಗೇ ಕುಸಿದು ಐದೂ ಕೆಂಪು ದೀಪ ಹತ್ತಿಕೊಂಡವು. ಅವರೆಲ್ಲ ಇತ್ತಲೇ ನೋಡುತ್ತಿದ್ದರು.

"ಇವರೆಲ್ಲಾ ಏನು ಯೋಚಿಸ್ತಿರ್ತಾರೆ?" ಮೈಥಿಲಿ ಮೆಲ್ಲಗೆ ಕೇಳಿದರು.

"ಅವರನ್ನೇ ಕೇಳಿ ಮೇಡಂ. ಹನ್ನೊಂದು ವರ್ಷದಲ್ಲಿ ನಮ್ಮನ್ನ ಯಾರೂ ಕೇಳಿಲ್ಲ. ಅಳೆದಿದ್ದಾರೆ ಅಷ್ಟೇ."

ಬಣಕಾರ್ ಅವಳನ್ನು ತಮ್ಮ ಕೋಣೆಗೆ ಕರೆದರು. ಬಾಗಿಲು ಹಾಕಿ, ಒಂದು ಹಾಳೆ ಮುಂದಿಟ್ಟರು. ಅಂದಿನ ಪಟ್ಟಿಯಲ್ಲಿ ತಾಂತ್ರಿಕ ದೋಷ ಕಂಡುಬಂದಿದೆ ಎಂಬ ಒಂದು ವಾಕ್ಯ. ಕೆಳಗೆ ಸಹಿಗೆ ಜಾಗ.

"ಸಹಿ ಹಾಕು. ಮಾದರಿ ಸಾಕ್ಷಿ ಬೇಡ ಅಂದ್ರೆ ಬೇಡ, ನಾನೇ ತಪ್ಪಿಸ್ತೀನಿ. ಕೆಲಸ ಉಳಿಯತೈತೆ. ನನಗೂ ನಿವೃತ್ತಿಗೆ ಎಂಟು ತಿಂಗಳು ಐತಮ್ಮಾ." ಕೊನೆಯ ಮಾತು ಹೇಳುವಾಗ ಅವರು ಮುಖ್ಯಸ್ಥರ ಹಾಗೆ ಕಾಣಲಿಲ್ಲ.

ಸಿಂಚನಾಳಿಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ಹಾಳೆಯನ್ನು ತಿರುವಿ ಹಿಂಬದಿಯಲ್ಲಿ ಬರೆದಳು: 'ಜೂನ್ ಹದಿನೇಳರಂದು ಬೆಳಗ್ಗೆ ಹನ್ನೊಂದು ಗಂಟೆ ನಲವತ್ತೆರಡು ನಿಮಿಷಕ್ಕೆ ನಾನು ಪರದೆಯನ್ನು ಓದಿರಲಿಲ್ಲ. ಹನ್ನೊಂದು ವರ್ಷಗಳಿಂದ ಓದಿಲ್ಲ. ಇದು ಪಟ್ಟಿಯ ದೋಷವಲ್ಲ. ಪಟ್ಟಿ ಸರಿಯಾಗಿಯೇ ಅಳೆಯಿತು. ನೀವು ಅಳೆಯಬೇಕಾದುದು ಅದನ್ನಲ್ಲ. ಇಂದಿನಿಂದ ನಾನು ಕೆಲಸದಲ್ಲಿಲ್ಲ.' ಸಹಿ ಮಾಡಿ, ತಾರೀಕು ಹಾಕಿದಳು.

"ಇದನ್ನ ಕಡತಕ್ಕೆ ಸೇರಿಸಿದ್ರೆ ಪಿಂಚಣಿ ಅಷ್ಟೇ ಅಲ್ಲ, ಮೊಕದ್ದಮೆನೂ ಆಗಬಹುದು."

"ಸೇರಿಸಿ ಸರ್. ನೀವು ಸೇರಿಸದಿದ್ರೆ ಆ ಅಜ್ಜನ ಮನೆ ವಿಳಾಸ ನನ್ನ ಹತ್ರ ಐತೆ. ಇನ್ನೊಂದು ಪ್ರತಿ ಅಲ್ಲಿಗೆ ಹೋಗತೈತೆ."

ಬಾಗಿಲಲ್ಲಿ ನಿಂತಿದ್ದ ಮೈಥಿಲಿ ಕೈ ಚಾಚಿದರು. "ನನಗೆ ಕೊಡಿ. ನನ್ನ ವರದಿಯ ಮೊದಲ ಪುಟ ಇದೇ."

ಆ ವರದಿಯಿಂದ ಲೋಕವೇನೂ ಬದಲಾಗಲಿಲ್ಲ. ಪಟ್ಟಿಯನ್ನು ಆರು ತಿಂಗಳ ಮಟ್ಟಿಗೆ ಅಮಾನತಿನಲ್ಲಿಟ್ಟರು. ಅಷ್ಟರವರೆಗೆ ಪ್ರತಿ ತೀರ್ಮಾನವನ್ನೂ ಓದಿ, ಒಪ್ಪಲು ಕಾರಣವನ್ನು ಸ್ವಂತ ಮಾತಿನಲ್ಲಿ ಒಂದು ಸಾಲು ಬರೆಯಬೇಕೆಂದು ಆದೇಶವಾಯಿತು. ಪಾಳಿಗೆ ಸಾವಿರದ ಐನೂರು ಇದ್ದದ್ದು ತೊಂಬತ್ತಕ್ಕೆ ಇಳಿಯಿತು. ನೀರು ಎರಡು ದಿನ ತಡವಾಗಿ ಬಂದಾಗ ಊರಿನವರು ಯಾರನ್ನು ಬೈದರು ಎಂಬುದು ಸಿಂಚನಾಳಿಗೆ ಚೆನ್ನಾಗಿ ಗೊತ್ತಿತ್ತು. ಅಂಗಡಿಯ ಮುಂದೆಯೇ ನಿಂತು ಬೈದರು. ಪಿಂಚಣಿ ಹೋಯಿತು. ಕ್ವಾರ್ಟರ್ಸ್ ಬಿಟ್ಟು ಹಳೇ ಸಂತೆ ಬೀದಿಯ ಹಿಂದಿನ ಎರಡು ಕೋಣೆಗೆ ಬಂದರು. ಮೊಕದ್ದಮೆಯ ನೋಟಿಸು ಇನ್ನೂ ಬಂದಿರಲಿಲ್ಲ. ಬರಬಹುದಿತ್ತು.

ಅಂಗಡಿ ಅವಳ ಕೈಗೆ ಬಂದ ಮೂರನೇ ವಾರ, ಮುಂಜಾನೆಯೇ ಗಿರಣಿ ಗೌರಕ್ಕ ಒಂದು ತಳ್ಳುಗಾಡಿಯ ಮೇಲೆ ಮೋಟಾರು ಹೇರಿಸಿಕೊಂಡು ಬಂದಳು. ಹಿಂದಿನ ದಿನವಷ್ಟೇ ಅದನ್ನು ರಿಪೇರಿಯಾಯಿತೆಂದು ಒಯ್ದಿದ್ದಳು.

"ಏನವ್ವಾ ಇದು? ಹಾಕಿದ್ ಕೂಡ್ಲೇ ಈಯೋ ಎಮ್ಮೆ ಥರ ಹೂಂಕರಿಸತೈತೆ, ತಿರುಗೋದಿಲ್ಲ. ಮುಟ್ಟಿದ್ರೆ ಹಂಚು ಕಾದಂಗೆ ಕಾಯತೈತೆ. ಜೋಳ ಹಿಡ್ಕಂಡು ಹದಿನೆಂಟು ಜನ ಸಾಲಾಗಿ ನಿಂತಾರೆ!"

ಸಿಂಚನಾ ಮೋಟಾರಿಗೆ ಕರೆಂಟು ಕೊಟ್ಟು ಎರಡೇ ಕ್ಷಣ ಕೇಳಿ ತೆಗೆದಳು. ಮುಚ್ಚಳ ಬಿಚ್ಚಿ, ಜೋಡಣೆಯ ತಂತಿಗಳನ್ನು ಒಂದೊಂದಾಗಿ ಬೆರಳಿನಿಂದ ಹಿಂಬಾಲಿಸಿದಳು. ಮೂರು ಮೂರು ಕಾಯಿಲುಗಳ ಗುಂಪುಗಳಲ್ಲಿ ನಾಲ್ಕನೆಯದು ಉಲ್ಟಾ ಸೇರಿತ್ತು. ಉಳಿದವು ಒಂದು ಕಡೆ ಎಳೆದರೆ ಅದು ಇನ್ನೊಂದು ಕಡೆ ಎಳೆಯುತ್ತಿತ್ತು. ಒಳಮೂಲೆಯ ಸ್ಟೂಲಿನಲ್ಲಿ ಕೂತ ದಾದಾಪೀರ್ ಮಾಮ ನೋಡಿಯೂ ನೋಡದವನ ಹಾಗೆ ಬೀಡಿ ಹಚ್ಚಿದ.

"ಯಾರ ತಪ್ಪಿದು?" ಗೌರಕ್ಕ ಸೊಂಟಕ್ಕೆ ಕೈಯಿಟ್ಟಳು. "ತಂತೀದೋ, ಕಂಪನೀದೋ, ಕರೆಂಟಿಂದೋ?"

"ನಂದು," ಅಂದಳು ಸಿಂಚನಾ.

ಗೌರಕ್ಕ ಇದಕ್ಕೆ ತಯಾರಾಗಿ ಬಂದಿರಲಿಲ್ಲ. ಜಗಳಕ್ಕೆಂದು ಎಳೆದುಕೊಂಡಿದ್ದ ಉಸಿರು ಹಾಗೇ ಉಳಿಯಿತು.

"ಜೋಡಿಸುವಾಗ ನಾನೇ ಉಲ್ಟಾ ಹಾಕೀನಿ ಅಕ್ಕಾ. ಬಿಚ್ಚಿ ಸರಿ ಮಾಡ್ತೀನಿ. ಮಧ್ಯಾಹ್ನ ಮೂರಕ್ಕೆ ತಿರುಗತೈತೆ."

"ತಿರುಗದಿದ್ರೆ?"

"ಹದಿನೆಂಟು ಜನದ ಜೋಳಾನೂ ಬೀಸೋ ಕಲ್ಲಲ್ಲಿ ನಾನೇ ಬೀಸಿಕೊಡ್ತೀನಿ. ಇಲ್ಲೇ, ಬೀದೀಲಿ ಕೂತು. ಎಲ್ಲಾರೂ ನೋಡ್ಲಿ."

ಗೌರಕ್ಕ ಅವಳ ಮುಖವನ್ನೂ, ಅಲ್ಲಲ್ಲಿ ಕೊಯ್ದ ಬೆರಳುಗಳನ್ನೂ ನೋಡಿದಳು. ಆಮೇಲೆ ಸ್ಟೂಲೊಂದನ್ನು ಎಳೆದುಕೊಂಡು ಎದುರಿಗೇ ಕೂತಳು. "ಆಯ್ತು, ಬಿಚ್ಚು. ಈ ಸಲ ನಾನೂ ನೋಡ್ತೀನಿ."

"ನೋಡಿ," ಎಂದು ಸಿಂಚನಾ ನಾಲ್ಕನೇ ಗುಂಪಿನ ಬೆಸುಗೆಗೆ ಕಾಯಿಸಿದ ಕಬ್ಬಿಣ ಹಿಡಿದಳು.